ಟರ್ಬೋ ಡೀಸೆಲ್ ವಾಹನಗಳಲ್ಲಿ ಎಲೆಕ್ಟ್ರಾನಿಕ್ ಎಂಜಿನ್ ನಿಯಂತ್ರಣ ಮತ್ತು ಹೊಗೆ ತಪಾಸಣೆ

ಮಾಲಿನ್ಯ ತಪಾಸಣಾ ಪ್ರಮಾಣ ಪತ್ರ ಹಾಗೂ ಅರ್ಹತಾ ಪತ್ರಕ್ಕಾಗಿ ಅರ್ಜಿ ಸಲ್ಲಿಸುವ ಡೀಸೆಲ್ ವಾಹನ ಮಾಲೀಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ನಿಯಂತ್ರಣ ಘಟಕದ ಕಾರ್ಯ

ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಇಂಧನದ ಪ್ರಮಾಣವನ್ನು ಯಾಂತ್ರಿಕ ಪಂಪು ನಿರ್ಧರಿಸುತ್ತಿತ್ತು. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಈ ಕಾರ್ಯವನ್ನು ಇ.ಸಿ.ಯು. ಎಂದು ಕರೆಯಲಾಗುವ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವು ನಿರ್ವಹಿಸುತ್ತದೆ. ಆಕ್ಸಿಲರೇಟರ್ ಪೆಡಲಿನ ಸ್ಥಾನ, ಎಂಜಿನ್ನಿನ ವೇಗ, ಒಳಬರುವ ಗಾಳಿಯ ಪ್ರಮಾಣ, ಟರ್ಬೋ ಒತ್ತಡ ಹಾಗೂ ಶೀತಕದ ಉಷ್ಣತೆಯನ್ನು ಸೆನ್ಸರ್‌ಗಳು ಈ ಘಟಕಕ್ಕೆ ನಿರಂತರವಾಗಿ ತಿಳಿಸುತ್ತವೆ. ಅದರಂತೆ ಇಂಜೆಕ್ಟರ್‌ಗಳು ಯಾವಾಗ, ಎಷ್ಟು ಹೊತ್ತು ತೆರೆಯಬೇಕೆಂಬುದು ನಿರ್ಧಾರವಾಗುತ್ತದೆ.

ಪೆಡಲನ್ನು ಪೂರ್ತಿ ಒತ್ತಿದರೂ, ಲಭ್ಯವಿರುವ ಗಾಳಿಯಲ್ಲಿ ಉರಿಯಬಲ್ಲಷ್ಟು ಡೀಸೆಲನ್ನು ಮಾತ್ರ ಘಟಕವು ಒದಗಿಸುತ್ತದೆ. ಟರ್ಬೋ ಒತ್ತಡ ಏರಿದಂತೆ ಇಂಧನವನ್ನೂ ಹೆಚ್ಚಿಸುತ್ತದೆ. ಗಾಳಿಗಿಂತ ಡೀಸೆಲ್ ಹೆಚ್ಚಾದಲ್ಲಿ ಅದು ಪೂರ್ಣವಾಗಿ ಉರಿಯದೆ ಕಪ್ಪು ಹೊಗೆ ಉಂಟಾಗುತ್ತದೆ.

2. ಕಪ್ಪು ಹೊಗೆಗೆ ಸಾಮಾನ್ಯ ಕಾರಣಗಳು

• ಟರ್ಬೋ ಮತ್ತು ಎಂಜಿನ್ ನಡುವಿನ ಹೋಸ್ ಪೈಪ್ ಸೀಳಿರುವುದು. ಸೆನ್ಸರ್ ಅಳೆದ ಗಾಳಿ ಎಂಜಿನ್ ತಲುಪುವ ಮುನ್ನವೇ ಸೋರುವುದರಿಂದ ಘಟಕದ ಲೆಕ್ಕ ತಪ್ಪುತ್ತದೆ.
• ಏರ್ ಫಿಲ್ಟರ್ ಕಟ್ಟಿಕೊಂಡಿರುವುದು.
• ಹೊಗೆಯ ಒಂದಂಶವನ್ನು ಎಂಜಿನ್‌ಗೆ ಮರಳಿಸುವ ಇ.ಜಿ.ಆರ್. ವಾಲ್ವ್ ತೆರೆದ ಸ್ಥಿತಿಯಲ್ಲಿ ಸಿಲುಕಿರುವುದು.
• ಇಂಜೆಕ್ಟರ್ ಸೋರುವುದು.

3. ಎಚ್ಚರಿಕೆ ದೀಪ

ದೋಷ ಕಂಡುಬಂದಲ್ಲಿ ಘಟಕವು ದೋಷ ಸಂಕೇತವನ್ನು ದಾಖಲಿಸಿ, ಡ್ಯಾಷ್‌ಬೋರ್ಡಿನಲ್ಲಿ ಎಂಜಿನ್ ದೀಪವನ್ನು ಬೆಳಗಿಸುತ್ತದೆ. ಗಂಭೀರ ದೋಷವಿದ್ದಲ್ಲಿ ಎಂಜಿನ್ನಿನ ರಕ್ಷಣೆಗಾಗಿ ಶಕ್ತಿಯನ್ನು ತಾನಾಗಿಯೇ ಕಡಿಮೆ ಮಾಡುತ್ತದೆ. ಸಂಕೇತವನ್ನು ಅಳಿಸಿದ ಮಾತ್ರಕ್ಕೆ ದೋಷ ನಿವಾರಣೆಯಾಗುವುದಿಲ್ಲ. ಸ್ಕ್ಯಾನರ್‌ನಿಂದ ಸಂಕೇತವನ್ನು ಓದಿಸಿ, ಮೂಲ ಕಾರಣವನ್ನು ಸರಿಪಡಿಸತಕ್ಕದ್ದು.

4. ತಪಾಸಣೆಯ ಮಿತಿ

ನಿಂತ ವಾಹನದ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಹೊಗೆಯ ಸಾಂದ್ರತೆಯನ್ನು ಸ್ಮೋಕ್ ಮೀಟರ್‌ನಿಂದ ಅಳೆಯಲಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರಂತೆ ಬೆಳಕು ಹೀರಿಕೆಯ ಗುಣಾಂಕವು ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ವಾಹನಗಳಿಗೆ ಪ್ರತಿ ಮೀಟರಿಗೆ 2.45 ಹಾಗೂ ಭಾರತ್ ಸ್ಟೇಜ್ 4 ವಾಹನಗಳಿಗೆ 1.62 ಮೀರತಕ್ಕದ್ದಲ್ಲ. ದಿನಾಂಕ 1-4-2020ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ವಾಹನಗಳ ಮಾನದಂಡ ಇನ್ನೂ ಕಟ್ಟುನಿಟ್ಟಾಗಿದೆ.

5. ಮಾರ್ಪಾಡಿನ ನಿಷೇಧ

ಹೆಚ್ಚಿನ ಶಕ್ತಿಗಾಗಿ ಘಟಕದ ತಂತ್ರಾಂಶವನ್ನು ಬದಲಿಸುವುದು, ಇ.ಜಿ.ಆರ್. ಮುಚ್ಚುವುದು ಅಥವಾ ಹೊಗೆ ಶೋಧಕವನ್ನು ತೆಗೆಯುವುದರಿಂದ ತಯಾರಕರು ನಿಗದಿಪಡಿಸಿದ ಮಿತಿಗಳು ಕೈತಪ್ಪಿ, ಟರ್ಬೋ ಹಾಗೂ ಎಂಜಿನ್ನಿಗೂ ಹಾನಿಯಾಗಬಹುದು. ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ಅನಧಿಕೃತ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿಸಲಾದ ಕಲಂ 182ಎ ಇಂತಹ ಮಾರ್ಪಾಡಿಗೆ ದಂಡನೆಯನ್ನು ವಿಧಿಸುತ್ತದೆ.

6. ತಪಾಸಣೆಗೆ ಮುನ್ನ

ಏರ್ ಫಿಲ್ಟರ್ ಹಾಗೂ ಹೋಸ್‌ಗಳನ್ನು ಪರೀಕ್ಷಿಸಿ, ಎಂಜಿನ್ ಆಯಿಲ್ ಮಟ್ಟವನ್ನು ನೋಡಿಕೊಂಡು, ಎಂಜಿನ್ ಬಿಸಿಯಾದ ನಂತರವೇ ವಾಹನವನ್ನು ಹಾಜರುಪಡಿಸುವುದು. ಕೀ ತಿರುಗಿಸಿದಾಗ ಎಂಜಿನ್ ದೀಪ ಬೆಳಗಿ, ಚಾಲನೆಯಾದ ನಂತರ ಆರಬೇಕು. ಆರದಿದ್ದಲ್ಲಿ ಮೊದಲು ದುರಸ್ತಿ ಮಾಡಿಸತಕ್ಕದ್ದು.