ಎದೆಯ ಮದ್ದು, ಮನಸ್ಸಿನ ಮದ್ದು

ದಾಂಡೇಲಿಯ ಮಳೆಗಾಲವನ್ನು ಕಂಡವರಿಗೆ ಅದರ ಶೀತವನ್ನು ಬಣ್ಣಿಸಬೇಕಾಗಿಲ್ಲ. ಹೊದಿಕೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕಾಳಿ ನದಿಯ ಮೇಲಿನಿಂದ ಬೀಸುವ ಗಾಳಿ ನೇರವಾಗಿ ಎದೆಗೇ ಇಳಿಯುತ್ತದೆ. ಕಳೆದ ಶ್ರಾವಣದಲ್ಲಿ ನನಗೆ ಬಂದ ನೆಗಡಿ ಎದೆಗಿಳಿದು, ಜ್ವರ ಬಿಟ್ಟ ಮೇಲೆಯೂ ಆರು ವಾರ ಕಾಡಿತು. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು, ಮೊಣಕಾಲಿನ ಮೇಲೆ ಕೈಯೂರಿ ಉಸಿರೆಳೆಯುವುದೇ ಒಂದು ಉದ್ಯೋಗವಾಯಿತು. ಚಿಕ್ಕಂದಿನಲ್ಲಿದ್ದು ಬಿಟ್ಟುಹೋಯಿತೆಂದು ನಾನು ತಿಳಿದಿದ್ದ ದಮ್ಮು ಮರಳಿ ಬಂದಿತ್ತು.

ನೋಡಿಕೊಂಡು ಹೋಗಲು ಹಳಿಯಾಳದಿಂದ ಬಂದ ನನ್ನ ಸೋದರಮಾವ ತಲೆದಿಂಬಿನ ಪಕ್ಕದಲ್ಲಿದ್ದ ಗುಳಿಗೆಗಳನ್ನು ಒಂದೊಂದಾಗಿ ಎತ್ತಿ ನೋಡಿ, "ಮೊದ್ಲ ಆ ತಲಿ ಗುಳಗಿ ಬಿಡಪಾ, ಎದಿ ತಾನ ಹಗುರಾಗತೈತಿ" ಎಂದರು.

ಖಿನ್ನತೆಗಾಗಿ ನಾನು ಕೆಲವು ವರ್ಷಗಳಿಂದ ರಾತ್ರಿ ಹೊತ್ತು ಒಂದು ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಮಾವನ ಮಾತಿಗೆ ಸಿಟ್ಟು ಬಂದಿತು. ಆದರೆ ನಿದ್ರೆಯಿಲ್ಲದ ರಾತ್ರಿಗಳಲ್ಲಿ ಅದೇ ಮಾತು ತಲೆಯಲ್ಲಿ ಸುತ್ತಿತು. ಎದೆಯ ಮದ್ದಿಗೂ ಮನಸ್ಸಿನ ಮದ್ದಿಗೂ ಏನಾದರೂ ನಂಟುಂಟೆ? ಚೇತರಿಸಿಕೊಳ್ಳುತ್ತಿರುವಾಗ ಓದಲು ಸಮಯ ಬೇಕಾದಷ್ಟಿತ್ತು. ಹುಡುಕುತ್ತ ಹೋದಂತೆ ನಂಟು ನಾನೆಣಿಸಿದ್ದಕ್ಕಿಂತ ಹಳೆಯದೆಂದು ಕಂಡಿತು.

ನಮ್ಮ ಬೇಲಿಯಿಂದಲೇ ಆರಂಭಿಸಬಹುದು. ಹಳಿಯಾಳ, ಮುಂಡಗೋಡಗಳ ಹಾದಿಬದಿಯಲ್ಲಿ ಮುಳ್ಳುಕಾಯಿ ಬಿಟ್ಟು ನಿಂತಿರುವ ಉಮ್ಮತ್ತದ ಗಿಡವನ್ನು ಯಾರು ಅರಿಯರು? ಅದರ ಒಣಗಿದ ಭಾಗಗಳನ್ನು ಚಿಲುಮೆಯಲ್ಲಿಟ್ಟು ಸೇದಿದರೆ ದಮ್ಮು ಇಳಿಯುವುದೆಂಬುದು ಈ ದೇಶದ ಹಳೆಯ ತಿಳಿವಳಿಕೆ. ಮದರಾಸಿನ ಕಡೆ ಇದನ್ನು ಕಂಡ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಕೊಂಡೊಯ್ದ. ಮುಂದೆ ಉಮ್ಮತ್ತದ ಜಾತಿಯ ಗಿಡಗಳ ಸಿಗರೇಟುಗಳು ಯೂರೋಪಿನ ಅಂಗಡಿಗಳಲ್ಲಿ ಮಾರಾಟವಾದವು. ಆದರೆ ಗಿಡದ ಹೆಸರನ್ನೇ ನೋಡಿರಿ. ಉನ್ಮತ್ತ ಎಂದರೆ ಹುಚ್ಚು ಹಿಡಿದವನು. ಇದರ ಇನ್ನೊಂದು ಹೆಸರಾದ ಮದಗುಣಿಕೆಯಲ್ಲಿಯೂ ಮದವೇ ಇದೆ. ಉಸಿರಿನ ಕೊಳವೆಯನ್ನು ಸಡಿಲಿಸುವ ಅದೇ ಅಟ್ರೋಪಿನ್ ಮತ್ತು ಅದರ ಸೋದರ ವಸ್ತುಗಳು ತುಸು ಹೆಚ್ಚಾದರೆ ಮಿದುಳನ್ನು ಕಲಕಿ, ಇಲ್ಲದವರೊಡನೆ ಮಾತಾಡಿಸುತ್ತವೆ, ಪ್ರಾಣವನ್ನೂ ಕೊಳ್ಳುತ್ತವೆ. ಇಂದು ಆಸ್ಪತ್ರೆಯಲ್ಲಿ ಮೂಗಿಗೆ ಮುಖವಾಡ ಕಟ್ಟಿ ಎಳೆಯಿಸುವ ಇಪ್ರಾಟ್ರೋಪಿಯಂ ಎಂಬ ಮದ್ದು ಅಟ್ರೋಪಿನ್ನನ್ನೇ ತಿದ್ದಿ ಮಾಡಿದುದು. ತಿದ್ದಿದುದರ ಲಾಭವೆಂದರೆ, ಅದು ಮಿದುಳಿನೊಳಕ್ಕೆ ಸುಲಭವಾಗಿ ಇಳಿಯದು.

ಎರಡನೆಯದು ಕಾಡಿನ ಗಿಡ. ಪಶ್ಚಿಮ ಘಟ್ಟದ ತಂಪು ನೆರಳಿನಲ್ಲಿ ಬೆಳೆಯುವ ಸರ್ಪಗಂಧ. ಅದರ ಬೇರನ್ನು ಹುಚ್ಚಿಗೂ ನಿದ್ರಾಹೀನತೆಗೂ ಕೊಡುತ್ತಿದ್ದರು. ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಅದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಮದ್ದೆಂದು ಬರೆದರು. ಹೊರಗಿನವರು ಕಿವಿಗೊಡಲಿಲ್ಲ. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ವಿವರಿಸಿದ ಮೇಲಷ್ಟೇ ಲೋಕ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕ್ ಪ್ರಾಂತದ ರಾಕ್‌ಲೆಂಡ್ ಆಸ್ಪತ್ರೆಯ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ಕಂಡ ಫಲವನ್ನು ಪ್ರಕಟಿಸಿದರು. 1957ರ ಲಾಸ್ಕರ್ ಪ್ರಶಸ್ತಿಯನ್ನು ಪಡೆದವರ ಸಾಲಿನಲ್ಲಿ ಕ್ಲೈನರೂ ಇದ್ದರು, ನಮ್ಮ ವಕೀಲರೂ ಇದ್ದರು. ಸೇನ್, ಬೋಸರನ್ನು ನೆನೆದವರು ಕಡಮೆ.

ಆ ಮೊದಲು ಮನೋರೋಗಿಯ ಪಾಡೇನಿತ್ತು? ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ನಮ್ಮ ಭಾಗದ ಜನಕ್ಕೆ ಹತ್ತಿರದ್ದೆಂದರೆ ಹತ್ತೊಂಬತ್ತನೆಯ ಶತಮಾನದಿಂದಲೂ ಧಾರವಾಡದಲ್ಲಿದ್ದ ಹುಚ್ಚಾಸ್ಪತ್ರೆ. ಈಗ ಅದು ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ. ಆದರೂ ನಮ್ಮ ಕಡೆ ಹುಡುಗರು ಜಗಳಾಡುವಾಗ "ನಿನ್ನ ಧಾರವಾಡಕ್ಕೆ ಕಳಸ್ತೇನಿ" ಎನ್ನುವುದು ಪೂರ್ತಿ ನಿಂತಿಲ್ಲ. ಔಷಧಿಗಳಿಲ್ಲದ ಕಾಲದಲ್ಲಿ ಇಂಥ ಆಸ್ಪತ್ರೆಗಳಿಗೆ ಎಲ್ಲಿಯೂ ಗೋಡೆ, ಬೀಗ, ಬ್ರೋಮೈಡುಗಳೇ ಆಸರೆ. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಝೈನ್ ಬಂದು ಇದನ್ನು ಬದಲಿಸಿತು. ಅದು ಹುಟ್ಟಿದುದು ಅಲರ್ಜಿಗೆ ಕೊಡುವ ಮದ್ದುಗಳ ವಂಶದಲ್ಲಿ ಎಂಬುದನ್ನು ಓದಿ, ಸೀನುತ್ತ ಕುಳಿತಿದ್ದ ನನಗೆ ನಗು ಬಂದಿತು.

ನಿಜವಾದ ಸೋಜಿಗ ಕ್ಷಯದ ವಾರ್ಡಿನಲ್ಲಿ ನಡೆಯಿತು. ಅದೇ 1952ರಲ್ಲಿ ನ್ಯೂಯಾರ್ಕಿನ ಸೀವ್ಯೂ ಆಸ್ಪತ್ರೆಯಲ್ಲಿ ಐಪ್ರೋನಿಯಜಿಡ್ ಎಂಬ ಹೊಸ ಮದ್ದನ್ನು ಕ್ಷಯರೋಗಿಗಳಿಗೆ ಕೊಟ್ಟು ನೋಡುತ್ತಿದ್ದರು. ಸಾವನ್ನು ಕಾಯುತ್ತಿದ್ದವರು ಹಸಿವಾಗಿ ಉಂಡರು, ನಕ್ಕರು, ವಾರ್ಡಿನಲ್ಲೇ ಕುಣಿದರು. ಶ್ವಾಸಕೋಶ ಇನ್ನೂ ವಾಸಿಯಾಗದಿರುವಾಗಲೇ ಮನಸ್ಸು ಎದ್ದು ಕುಳಿತಿತ್ತು. ವೈದ್ಯರು ಅದನ್ನು ಮೊದಲು ಅಡ್ಡಪರಿಣಾಮವೆಂದು ಬರೆದುಕೊಂಡರು! 1957ರಲ್ಲಿ ಅದೇ ಕ್ಲೈನ್ ಮತ್ತು ಅವರ ಸಂಗಡಿಗರು ಅದನ್ನು ಖಿನ್ನತೆಯ ಮದ್ದೆಂದೇ ಸಾರಿದರು. ಆ ಹೊತ್ತಿಗೆ ಪ್ರಯೋಗಶಾಲೆಗಳಲ್ಲಿ ನಮ್ಮ ಬೇರೂ ಈ ಕ್ಷಯದ ಮದ್ದೂ ಎದುರುಬದುರಾಗಿದ್ದವು. ರಿಸರ್ಪಿನ್ ಮಿದುಳಿನ ಸೆರೊಟೋನಿನ್ನನ್ನು ಬರಿದುಮಾಡುತ್ತದೆಂದು 1955ರಲ್ಲಿ ತಿಳಿಯಿತು. ಅದನ್ನು ನುಂಗಿದ ಪ್ರಾಣಿ ಮಂಕಾಗಿ ಮುದುರಿಕೊಳ್ಳುತ್ತಿತ್ತು. ಮೊದಲು ಐಪ್ರೋನಿಯಜಿಡ್ ಕೊಟ್ಟು ಆಮೇಲೆ ರಿಸರ್ಪಿನ್ ಕೊಟ್ಟರೆ ಮಂಕಿನ ಬದಲು ಚುರುಕು ಕಂಡಿತು. ಮನಸ್ಸಿನ ಏರಿಳಿತಕ್ಕೆ ಮಿದುಳಿನ ರಸಾಯನವೂ ಕಾರಣವಿರಬಹುದೆಂಬ ವಿಚಾರ ಬೇರೂರಿದುದು ಹೀಗೆ. ಇವೆರಡೂ ಹೆಚ್ಚು ಕಾಲ ಮೆರೆಯಲಿಲ್ಲ. ಯಕೃತ್ತನ್ನು ಕೆಡಿಸುತ್ತದೆಂದು ಐಪ್ರೋನಿಯಜಿಡ್ 1961ರಲ್ಲಿ ಅಮೆರಿಕದ ಪೇಟೆಯಿಂದ ಹೊರಬಿದ್ದಿತು. ಆದರೆ ನನ್ನ ರಾತ್ರಿಯ ಗುಳಿಗೆಯ ವಂಶವೃಕ್ಷದಲ್ಲಿ ಒಬ್ಬ ಪೂರ್ವಜ ಎದೆರೋಗದ ವಾರ್ಡಿನವನೆಂಬುದು ನಿಶ್ಚಯ.

1966ರಲ್ಲಿ ಮುಂಡಗೋಡಕ್ಕೆ ಬಂದು ನೆಲಸಿದ ಟಿಬೆಟಿಯನರ ವೈದ್ಯದಲ್ಲಿ ಈ ನಂಟಿಗೆ ಬೇರೆಯೇ ಹೆಸರುಂಟು. ಮನಸ್ಸು ಕಳವಳಗೊಂಡರೆ ಅವರು 'ಲುಂಗ್' ಕೆಟ್ಟಿದೆ ಎನ್ನುತ್ತಾರೆ. ಲುಂಗ್ ಎಂದರೆ ಗಾಳಿ. ನಾವು ಪ್ರಾಣವೆಂದು ಉಸಿರನ್ನೂ ಜೀವವನ್ನೂ ಒಂದೇ ಮಾತಿನಲ್ಲಿ ಕರೆಯುವುದಿಲ್ಲವೆ?

ಇಷ್ಟೆಲ್ಲ ಓದಿದ ಮೇಲೆ ಮಾವನಿಗೆ ತಕ್ಕ ಉತ್ತರ ಸಿಕ್ಕಿತೆಂದು ಬೀಗಿದೆ. ಆದರೆ ಚರಿತ್ರೆಯ ಮುಂದಿನ ಪುಟ ನನ್ನನ್ನೇ ಹಿಡಿದು ನಿಲ್ಲಿಸಿತು. 1964ರಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ಬ್ರಿಟಿಷ್ ವಿಜ್ಞಾನಿಯ ಪ್ರೊಪ್ರನೊಲಾಲ್ ಹೊರಬಂದಿತು. ಹೃದಯಕ್ಕೆಂದು ಮಾಡಿದ ಈ ಮದ್ದು, ಆತಂಕದಿಂದ ಎದೆ ಹೊಡೆದುಕೊಳ್ಳುವವರಿಗೆ, ಕೈ ನಡುಗುವವರಿಗೆ ನೆರವಾಗುವುದೆಂದು ಬೇಗನೆ ತಿಳಿಯಿತು. ಆದರೆ ಶ್ವಾಸನಾಳವನ್ನು ಹಿಗ್ಗಿಸುವ ಬಾಗಿಲನ್ನೂ ಅದು ಮುಚ್ಚುತ್ತದೆ. ದಮ್ಮಿನವರು ಅದನ್ನು ಮುಟ್ಟಬಾರದು.

ನನ್ನ ಮೇಜಿನ ಖಾನೆಯಲ್ಲಿ ಅದೇ ಗುಳಿಗೆ ಇತ್ತು. ಜನರೆದುರು ಮಾತಾಡುವಾಗ ಕೈ ನಡುಗುತ್ತದೆಂದು ಹೇಳಿ ಎರಡು ವರ್ಷದ ಹಿಂದೆ ಬರೆಯಿಸಿಕೊಂಡದ್ದು. ಕಾಯಿಲೆಯ ಆರು ವಾರಗಳಲ್ಲಿ, ಕಳವಳವಾದಾಗಲೆಲ್ಲ, ಒಂದೊಂದು ನುಂಗಿದ್ದೆ. ಬರೆದುಕೊಟ್ಟ ಮನೋವೈದ್ಯರಿಗೆ ಬಾಲ್ಯದ ದಮ್ಮಿನ ಸುದ್ದಿಯನ್ನು ನಾನು ಹೇಳಿರಲಿಲ್ಲ; ಅದು ಮುಗಿದ ಕಥೆಯೆಂದುಕೊಂಡಿದ್ದೆ. ಎದೆಯ ವೈದ್ಯರಿಗೆ ಮನಸ್ಸಿನ ಗುಳಿಗೆಗಳ ಸುದ್ದಿ ಹೇಳಿರಲಿಲ್ಲ. ಕಾರಣ ಸರಳ, ನಾಚಿಕೆ. ಹೊರಗಿನ ಬೆಂಚಿನಲ್ಲಿ ಪರಿಚಯದವರು ಕುಳಿತಿದ್ದರು, ಬಾಗಿಲು ಅರ್ಧ ತೆರೆದಿತ್ತು.

ಮರುದಿನ ಎಲ್ಲ ಚೀಟಿಗಳನ್ನೂ ಒಂದೇ ಗುಂಡುಸೂಜಿಗೆ ಚುಚ್ಚಿ ಎದೆಯ ವೈದ್ಯರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ರಾತ್ರಿಯ ಗುಳಿಗೆಯಿಂದ ಎದೆಗೆ ಕೇಡಿಲ್ಲ, ಅದನ್ನು ಹಠಾತ್ತನೆ ಬಿಟ್ಟರೇ ಕಷ್ಟ ಎಂದರು. ನಡುಕದ ಗುಳಿಗೆಯ ಮೇಲೆ ಕೆಂಪು ಗೀಟು ಎಳೆದು, ಧಾರವಾಡದ ವೈದ್ಯರಿಗೊಂದು ಕಾಗದ ಬರೆದರು. ಎಳೆಯುವ ಮದ್ದನ್ನು ಬಿಡದೆ ತೆಗೆದುಕೊಂಡೆ; ಮೂರು ವಾರದಲ್ಲಿ ರಾತ್ರಿಯಿಡೀ ಮಲಗುವಂತಾದೆ.

ನವರಾತ್ರಿಯ ಹೊತ್ತಿಗೆ ಹಳಿಯಾಳದಿಂದ ಮಾವನ ಫೋನು ಬಂದಿತು.

"ಹ್ಯಾಂಗದೀಪಾ? ಗುಳಗಿ ಬಿಟ್ಟಿಯೇನು?"

"ಬಿಟ್ಟೆ ಮಾವಾ, ಒಂದನ್ನ."

"ನಾ ಹೇಳಿದ್ನಿಲ್ಲೋ!" ಎಂದರು. ಯಾವುದೆಂದು ಅವರು ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ.