ಹಿಟ್ಟೂ ಬೇಕು, ಮಲ್ಲಿಗೆಯೂ ಬೇಕು

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಎಂದು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದರು. ಇಲ್ಲದ ಡೌಲು ಮಾಡುವವರಿಗೆ ಹೇಳಿದ ಮಾತದು. ಆದರೆ ಕನ್ನಡ ಸಾಹಿತ್ಯದ ಚರಿತ್ರೆ ಓದುವಾಗಲೆಲ್ಲ ಈ ಗಾದೆ ನನಗೆ ಬೇರೆಯೇ ಅರ್ಥದಲ್ಲಿ ನೆನಪಾಗುತ್ತದೆ. ಹಿಟ್ಟನ್ನು ಬದಿಗಿಟ್ಟು ಮಲ್ಲಿಗೆಯ ಬೆನ್ನು ಹತ್ತಿದವರು ಇಲ್ಲದೇ ಹೋಗಿದ್ದರೆ ಎಷ್ಟೋ ಪುಸ್ತಕಗಳು ನಮ್ಮ ಕೈಗೆ ಬರುತ್ತಲೇ ಇರಲಿಲ್ಲ. ಹಾಗೆಂದು ಹಿಟ್ಟಿನ ಚಿಂತೆ ಮಾಡಿದವರನ್ನು ಹಗುರವಾಗಿ ಕಾಣುವಂತೆಯೂ ಇಲ್ಲ.

ಈಗಿನ ಹಾವೇರಿ ಜಿಲ್ಲೆಯಲ್ಲಿ, ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ, ಗಳಗನಾಥ ಎಂಬ ಊರಿದೆ. ಅಲ್ಲಿಯ ಚಾಲುಕ್ಯರ ಕಾಲದ ಗುಡಿ ತೋರಿಸಲು ಶಾಲೆಯ ಮಕ್ಕಳನ್ನು ಕರೆದೊಯ್ದಾಗ, ಗುಡಿಯ ಕಥೆ ಮುಗಿದ ಮೇಲೆ ಒಬ್ಬ ಮಾಸ್ತರರ ಕಥೆಯನ್ನೂ ಹೇಳುತ್ತೇನೆ. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ‘ಗಳಗನಾಥ’ರಾದರು. ಧಾರವಾಡದಲ್ಲಿ ಓದಿ ಶಾಲಾ ಮಾಸ್ತರಿಕೆ ಹಿಡಿದರು. ಸರಕಾರಿ ಸಂಬಳವೆಂದರೆ ಆ ದಿನಗಳಲ್ಲಿ ಸಣ್ಣ ಮಾತಲ್ಲ.

ಆಗ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಕ್ಷರ ಬಲ್ಲವರ ಮನೆಗಳಲ್ಲಿ ಮರಾಠಿ ಕಾದಂಬರಿಗಳದೇ ರಾಜ್ಯಭಾರ. ಕನ್ನಡಿಗರು ಕನ್ನಡದಲ್ಲಿಯೇ ಓದುವಂತಾಗಬೇಕೆಂಬುದು ಈ ಮಾಸ್ತರರ ಹಟ. ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ ಅವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು, ವಿಜಯನಗರ ಬಿದ್ದ ಕಥೆ ಕನ್ನಡದ ಮನೆಗಳನ್ನು ಹೊಕ್ಕಿತು. ಅದೇ ಸಾಮ್ರಾಜ್ಯ ಎದ್ದ ಕಥೆಯನ್ನು ‘ಮಾಧವ ಕರುಣಾವಿಲಾಸ’ದಲ್ಲಿ ಬರೆದರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕತ್ವ ವಹಿಸಿಕೊಂಡರು. ಮಾಸ್ತರಿಕೆ ಬಿಟ್ಟುಹೋಯಿತು.

ಬರೆದದ್ದೇನೋ ಆಯಿತು, ಮಾರುವವರು ಯಾರು? ಊರೂರಿಗೆ ಪುಸ್ತಕದ ಅಂಗಡಿಗಳಿರಲಿಲ್ಲ. ಗಳಗನಾಥರು ತಾವೇ ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿದರು. ಬರೆಯುವವರೂ ಅವರೇ, ಹೊರುವವರೂ ಅವರೇ, ಮಾರುವವರೂ ಅವರೇ. 1942ರಲ್ಲಿ ತೀರಿಕೊಂಡರು. ಹೆಸರು ಉಳಿಯಿತು, ಓದುಗರು ಹುಟ್ಟಿದರು, ಹಣವೊಂದು ಕೂಡಲಿಲ್ಲ.

ಈ ಕಥೆ ಕೇಳಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನನಗೂ ಕಣ್ಣು ತೇವವಾಗುತ್ತದೆ. ಆದರೆ ನಾನು ಸಂಸಾರ ಮಾಡಿದ ಹೆಂಗಸು. ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಯಜಮಾನರು ಗಂಟು ಹೊತ್ತು ಹೊರಟ ದಿನ ಒಲೆಯ ಮೇಲೆ ಏನಿರುತ್ತಿತ್ತು? ಯಾರು ಕಡ ತರುತ್ತಿದ್ದರು? ತ್ಯಾಗವನ್ನು ಒಬ್ಬರ ಹೆಸರಿನಲ್ಲಿ ಬರೆಯುತ್ತೇವೆ, ಅದನ್ನು ಮಾಡುವುದು ಮನೆಮಂದಿಯೆಲ್ಲ. ಸೋದರಿಯರೇ, ಈ ಲೆಕ್ಕವನ್ನು ನಾವಾದರೂ ಬರೆದಿಡಬೇಕು.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಮಾಸ್ತಿಯವರ ಬದುಕು. 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಎಂ.ಎ. ಮುಗಿಸಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಸೇರಿದರು. 1943ರವರೆಗೆ, ಅಂದರೆ ಇಪ್ಪತ್ತೊಂಬತ್ತು ವರ್ಷ, ಅಧಿಕಾರಿಯಾಗಿ ದುಡಿದರು. ಅದರ ನಡುವೆಯೇ 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಬಂತು. 1928ರಲ್ಲಿ ‘ಸುಬ್ಬಣ್ಣ’ ಬಂತು. ಸಂಗೀತವನ್ನೇ ಉಸಿರಾಗಿಸಿಕೊಂಡ ಸುಬ್ಬಣ್ಣ ಮನೆ ಬಿಟ್ಟು ಹೋಗುತ್ತಾನೆ; ಅವನನ್ನು ಸೃಷ್ಟಿಸಿದವರು ಮಾತ್ರ ಹೊತ್ತಿಗೆ ಸರಿಯಾಗಿ ಕಚೇರಿಗೆ ಹೋಗುತ್ತಿದ್ದರು! ನೌಕರಿ ಅವರ ಬರವಣಿಗೆಯನ್ನು ತಿನ್ನಲಿಲ್ಲ. ಊರೂರು ಸುತ್ತಿದ ಅಧಿಕಾರಿಗೆ ಕಂಡ ಜನ ಕಥೆಗಾರನಿಗೂ ಒದಗಿದರು.

ತಮಗಿಂತ ಕಿರಿಯರನ್ನು ಮೇಲಿನ ಹುದ್ದೆಗೆ ಏರಿಸಿದಾಗ ಮಾಸ್ತಿಯವರು ರಾಜೀನಾಮೆ ಕೊಟ್ಟು ಹೊರಬಂದರು. 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆ ನಡೆಸಿದರು. ‘ಚಿಕವೀರ ರಾಜೇಂದ್ರ’ ಹೊರಬಂದದ್ದು 1956ರಲ್ಲಿ, ಅವರ ಅರವತ್ತೈದರ ಹೊತ್ತಿಗೆ. ಮಲ್ಲಿಗೆ ತಡವಾಗಿ ಬಿರಿದರೂ ಪರಿಮಳಕ್ಕೆ ಕೊರತೆಯಿಲ್ಲ.

ಇವರಿಬ್ಬರಿಗೂ ಆರಿಸಿಕೊಳ್ಳುವ ದಾರಿಗಳಿದ್ದವು. ನಂಜನಗೂಡು ತಿರುಮಲಾಂಬ ಅವರಿಗೆ ಅದೂ ಇರಲಿಲ್ಲ. 1887ರಲ್ಲಿ ಹುಟ್ಟಿದ ಈ ತಾಯಿಗೆ ಹತ್ತರಲ್ಲಿ ಮದುವೆ, ಹದಿನಾಲ್ಕರಲ್ಲಿ ವೈಧವ್ಯ. ವಕೀಲರಾಗಿದ್ದ ತಂದೆ ಮಗಳ ಓದಿಗೆ ಬೆಂಬಲವಾಗಿ ನಿಂತರು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ ‘ಸುಶೀಲೆ’ ಕಾದಂಬರಿಯನ್ನು ತಾವೇ ಪ್ರಕಟಿಸಿದರು. ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಪತ್ರಿಕೆಗಳನ್ನೂ ನಡೆಸಿದರು. ಅವು ಬಹುಕಾಲ ಬಾಳಲಿಲ್ಲ. ಆದರೂ ಅವರಿಂದ ಇಷ್ಟೆಲ್ಲ ಸಾಧ್ಯವಾದದ್ದು ತಂದೆಯ ಮನೆಯ ಸೂರು ಇದ್ದುದರಿಂದ ಎಂಬುದನ್ನು ಮರೆಯಬಾರದು. ಆ ಸೂರಿಲ್ಲದ ಎಷ್ಟು ಜನ ಹುಡುಗಿಯರು ಮಡಿಸೆರಗಿನೊಳಗೆ ಮೌನವಾದರೋ!

ನನ್ನ ಮಟ್ಟಿಗೆ ಹೇಳುವುದಾದರೆ, ಬಿ.ಎ. ಮುಗಿದಾಗ ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆಯಿತ್ತು. ಅಪ್ಪ ನಿವೃತ್ತಿಯ ಅಂಚಿನಲ್ಲಿದ್ದರು, ಇಬ್ಬರು ತಮ್ಮಂದಿರು ಓದುತ್ತಿದ್ದರು. ಬಿ.ಎಡ್. ಮಾಡಿ ನೌಕರಿ ಹಿಡಿದೆ. ಇತಿಹಾಸ ನನ್ನನ್ನು ಬಿಡಲಿಲ್ಲ. ರಜೆ ಬಂದರೆ ವೀರಗಲ್ಲು, ಶಾಸನ ಎಂದು ಹೊರಟೇಬಿಡುತ್ತೇನೆ. ಈ ಎರಡರ ನಡುವೆ ನನಗೆ ಜಗಳವಿಲ್ಲ.

ಆದರೆ ಹೋದ ವರ್ಷ ನನ್ನ ತಂಗಿಯ ಮಗಳು, ಹುಬ್ಬಳ್ಳಿಯಲ್ಲಿ ಬ್ಯಾಂಕ್ ಗುಮಾಸ್ತೆ, ನೌಕರಿ ಬಿಟ್ಟು ಹಿಂದೂಸ್ತಾನಿ ಸಂಗೀತಕ್ಕೇ ನಿಲ್ಲುತ್ತೇನೆ ಎಂದಾಗ ಮನೆಯಲ್ಲಿ ರಣರಂಗವಾಯಿತು. ತಂಗಿ ಮೂರು ದಿನ ಊಟ ಬಿಟ್ಟಳು. ಮನೆಗೆ ತೆಗೆದ ಸಾಲ ಹುಡುಗಿಯ ಹೆಸರಿನಲ್ಲಿದೆ, ಅಳಿಯನ ಉದ್ಯೋಗ ಖಾಸಗಿ ಕಂಪನಿಯದು. ನಾನು ಅವಳಿಗೆ ಗಳಗನಾಥರ ಕಥೆಯನ್ನೂ ಹೇಳಿದೆ, ಮಾಸ್ತಿಯವರದ್ದನ್ನೂ ಹೇಳಿದೆ. ಎಲ್ಲ ಕೇಳಿ, “ದೊಡ್ಡವ್ವ, ನನಗೆ ಬೇಕಾದ್ದು ಮುಂಜಾವಿನ ಎರಡು ತಾಸು. ಅದನ್ನ ಯಾರೂ ಕಸಗೋಬಾರದು, ಅಷ್ಟೇ” ಎಂದಳು.

ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಅಧಿಕಾರಿಯಾಗಿ ಬಡ್ತಿ ಸಿಗುವುದಿತ್ತು; ಬಡ್ತಿಯೆಂದರೆ ವರ್ಗಾವಣೆ, ವರ್ಗಾವಣೆಯೆಂದರೆ ಗುರುಗಳಿಂದ ದೂರ. ಬಡ್ತಿ ಬೇಡವೆಂದು ಬರೆದುಕೊಟ್ಟಳು. ಈಗ ಐದಕ್ಕೆದ್ದು ರಿಯಾಜು, ಹತ್ತಕ್ಕೆ ಬ್ಯಾಂಕು. ಅವಳ ಜೊತೆ ಸೇರಿದವರು ಮ್ಯಾನೇಜರಾಗುತ್ತಾರೆ, ಅವಳು ಕೌಂಟರಿನಲ್ಲಿಯೇ ಇರುತ್ತಾಳೆ. ಅದು ಅವಳು ಸಂಗೀತಕ್ಕೆ ತೆತ್ತ ಬೆಲೆ.

ಬೆಲೆ ಎಲ್ಲರೂ ತೆರುತ್ತಾರೆ. ಗಳಗನಾಥರು ಸಂಬಳ ತೆತ್ತರು, ಮಾಸ್ತಿಯವರು ಇಪ್ಪತ್ತೊಂಬತ್ತು ವರ್ಷದ ಹಗಲುಗಳನ್ನು ತೆತ್ತರು. ತೆರುವ ಮುನ್ನ ಎಷ್ಟೆಂದು ಎಣಿಸಿ, ಅದು ಯಾರ ಗಂಟಿನಿಂದ ಹೋಗುತ್ತದೆಂದು ನೋಡಿಕೊಂಡರೆ, ಆಮೇಲೆ ಯಾವ ದಾರಿ ಹಿಡಿದರೂ ಅದು ಮರ್ಯಾದೆಯ ದಾರಿಯೇ. ನಿಮ್ಮ ಮನೆಯ ಹೆಣ್ಣುಮಗಳು ನಾಳೆ ಇಂಥದೇ ಪ್ರಶ್ನೆ ತಂದರೆ ಬೈಯುವ ಮೊದಲು ಅವಳೊಡನೆ ಕುಳಿತು ಲೆಕ್ಕ ಹಾಕಿರಿ. ಆ ಲೆಕ್ಕದಲ್ಲಿ ಹಿಟ್ಟಿನಷ್ಟೇ ಮಲ್ಲಿಗೆಗೂ ಒಂದು ಸಾಲು ಇರಲಿ.