ಜನ ಮರುಳೋ, ಪರದೆ ಮರುಳೋ?

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, ಮಹಾಗಾಂವ, ಕಮಲಾಪುರಗಳಿರುವ ಅಂದಿನ ಗುಲ್ಬರ್ಗ ಜಿಲ್ಲೆಯ ಆಯ್ದ ಹಳ್ಳಿಗಳಲ್ಲಿ ಜನ ಗುಂಪುಗೂಡಿ ಟೀವಿ ನೋಡಿದ್ದರು.

ಅದು ‘ಸೈಟ್’ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ಬಿತ್ತರವಾದವು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ. ಪತ್ರಿಕೆಗಳಿಗೆ ಸೆನ್ಸಾರ್ ಇತ್ತು, ಟೀವಿಯಂತೂ ಸರ್ಕಾರದ್ದೇ.

ಕತೆಗಾರರು ಹೆದರಿದ್ದು ಇಂಥ ಪರದೆಗೇ. ಜಾರ್ಜ್ ಆರ್ವೆಲ್‌ರ ‘1984’ ಕಾದಂಬರಿಯನ್ನು ಬಿಬಿಸಿ 1954ರಲ್ಲಿ ಟೀವಿ ನಾಟಕವಾಗಿ ತೋರಿಸಿತು. ಅಲ್ಲಿ ಪರದೆಯೇ ಮನೆಮಂದಿಯ ಮೇಲೆ ಕಣ್ಣಿಡುತ್ತದೆ, ಅಪ್ಪಣೆ ಕೊಡುತ್ತದೆ.

ಇತ್ತೀಚಿನ ಕತೆಗಳ ಭಯ ಬೇರೆ. ಬ್ರಿಟನ್ನಿನ ‘ಬ್ಲ್ಯಾಕ್ ಮಿರರ್’ ಸರಣಿಯ 2013ರ ಒಂದು ಕಂತಿನಲ್ಲಿ ವಾಲ್ಡೊ ಎಂಬ ನೀಲಿ ಕಾರ್ಟೂನ್ ಕರಡಿ ಉಪಚುನಾವಣೆಗೆ ನಿಲ್ಲುತ್ತದೆ. ಅದಕ್ಕೆ ಸಿದ್ಧಾಂತವಿಲ್ಲ, ಬೈಗುಳವೇ ಬಂಡವಾಳ. ಆದರೂ ಎರಡನೇ ಸ್ಥಾನ ಪಡೆಯುತ್ತದೆ. 2019ರ ‘ಇಯರ್ಸ್ ಅಂಡ್ ಇಯರ್ಸ್’ನಲ್ಲಿ ಟೀವಿ ಚರ್ಚೆಯ ಒರಟು ಮಾತಿನಿಂದ ಹೆಸರಾದ ವಿವಿಯನ್ ರೂಕ್ ಪ್ರಧಾನಿಯೇ ಆಗುತ್ತಾಳೆ. ಇಲ್ಲಿ ಯಾರ ಬಲವಂತವೂ ಇಲ್ಲ. ಜನರೇ ನಕ್ಕು, ಚಪ್ಪಾಳೆ ತಟ್ಟಿ ಗೆಲ್ಲಿಸುತ್ತಾರೆ. ‘ನಾನೇ ಜನ, ಉಳಿದವರೆಲ್ಲ ಕಳ್ಳರು’ ಎನ್ನುವ ಜನಮರುಳು ರಾಜಕಾರಣದ ಚಿತ್ರ ಇದು.

ಹಾಗಾದರೆ ಮತವನ್ನು ಪರದೆಯೇ ನಿರ್ಧರಿಸುತ್ತದೆಯೇ? ‘ಸೈಟ್’ ಮುಗಿದ ಎಂಟು ತಿಂಗಳಿಗೆ, 1977ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆ ನಡೆಯಿತು. ಪ್ರಯೋಗ ನಡೆದಿದ್ದ ರಾಜ್ಯಗಳ ಪೈಕಿ ಕರ್ನಾಟಕದಲ್ಲಿ ಕಾಂಗ್ರೆಸ್ 28ರಲ್ಲಿ 26, ಆಂಧ್ರದಲ್ಲಿ 42ರಲ್ಲಿ 41 ಸ್ಥಾನ ಗೆದ್ದಿತು. ರಾಜಸ್ಥಾನದಲ್ಲಿ ದಕ್ಕಿದ್ದು ಒಂದೇ ಸ್ಥಾನ. ಬಿಹಾರದಲ್ಲಿ ಒಂದೂ ಇಲ್ಲ. ಟೀವಿ ಕಂಡ ಹಳ್ಳಿಗಳು ಆ ರಾಜ್ಯಗಳ ಸಣ್ಣ ಪಾಲು ಮಾತ್ರ, ನಿಜ. ಆದರೂ ಈ ಅಂತರಕ್ಕೆ ಕಾರಣ ಜನ ಕಂಡುಂಡ ಬದುಕು. ಉತ್ತರದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆಯ ಸಿಟ್ಟಿತ್ತು. ಇಲ್ಲಿ ದೇವರಾಜ ಅರಸರ ಭೂಸುಧಾರಣೆಯ ಭರವಸೆಯಿತ್ತು.

ಪರದೆ ಸಿಟ್ಟನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಇರುವ ಸಿಟ್ಟಿಗೆ ಮುಖ ಕೊಡುತ್ತದೆ. ವಾಲ್ಡೊನ ಕತೆ ಹೇಳುವುದೂ ಇದನ್ನೇ.

ಅಂದು ಊರಿಗೆಲ್ಲ ಒಂದೇ ಪರದೆ. ನೋಡಿದ್ದು ನಿಜವೇ ಎಂದು ಪಕ್ಕದಲ್ಲಿ ಕುಳಿತವರನ್ನು ಕೇಳಬಹುದಿತ್ತು. ಇಂದು ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪರದೆ, ಒಬ್ಬೊಬ್ಬರಿಗೂ ಬೇರೆ ಬೇರೆ ಸುದ್ದಿ. ಕೇಳುವ ಆ ರೂಢಿ ತಪ್ಪಿದರೆ, ಕಾರ್ಟೂನ್ ಕರಡಿ ಗೆಲ್ಲುವುದು ಬರೀ ಕತೆಯಾಗಿ ಉಳಿಯದು.